ಕಾರು ಸರಿಯಿದೆ, ಅಂಗಳದ ಅರ್ಥಿಂಗ್ ನೋಡಿ

ಪ್ರಶ್ನೆ: ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ನಮ್ಮ ಮನೆ ಮತ್ತು ಅಡಿಕೆ ತೋಟ. ಹನ್ನೊಂದು ವರ್ಷ ಓಡಿಸಿದ ಡೀಸೆಲ್ ಕಾರನ್ನು ಕೊಟ್ಟು, 45 ಯೂನಿಟ್ ಬ್ಯಾಟರಿಯ ವಿದ್ಯುತ್ ಎಸ್‌ಯುವಿ ತಂದು ಮೂರು ವಾರವಾಯಿತು. ಓಡಿಸಲು ಬಹಳ ಹಿತವಾಗಿದೆ, ಮಕ್ಕಳಿಗಂತೂ ಸಂಭ್ರಮ. ಆದರೆ ನನಗೆ ಸಮಾಧಾನವಿಲ್ಲ. ತಂದ ದಿನ ಪರದೆಯ ಮೇಲೆ 390 ಕಿ.ಮೀ. ಎಂದಿತ್ತು, ಈಗ ಪೂರ್ತಿ ತುಂಬಿಸಿದರೂ 285. ಮನೆಯಲ್ಲಿ ಹಗಲು ಸರಿಯಾಗಿ ಚಾರ್ಜ್ ಆಗುತ್ತದೆ, ಸಂಜೆ ಏಳರ ಮೇಲೆ ಹಾಕಿದರೆ ಕೇಬಲ್‌ನ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗಿ ನಿಂತುಬಿಡುತ್ತದೆ. ಮಣಿಪಾಲದಿಂದ ಬರುವಾಗ ಸೋಮೇಶ್ವರದಿಂದ ಆಗುಂಬೆ ಹತ್ತುವಷ್ಟರಲ್ಲಿ ಬ್ಯಾಟರಿ ಶೇ 9ರಷ್ಟು ಇಳಿಯಿತು. ಘಾಟಿ ಇಳಿಯುವಾಗ ತಾನಾಗಿ ಚಾರ್ಜ್ ಆಗುತ್ತದೆ ಎಂದಿದ್ದರು, ಮೊದಲ ಸಲ ಒಂದು ಅಂಕಿಯೂ ಏರಲಿಲ್ಲ. ಡೀಸೆಲ್ ಕಾರಿನಲ್ಲಿ ಎಂದೂ ವಾಂತಿ ಮಾಡದ ನನ್ನ ತಾಯಿ (72 ವರ್ಷ) ಇದರಲ್ಲಿ ಎರಡು ಸಲ ಮಾಡಿಕೊಂಡರು. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋದರೆ ಏನು ಗತಿ? ದುಡುಕಿದೆನೇ? ಇನ್ನೊಂದು ಮಾತು: ಊರಿನ ಎಲೆಕ್ಟ್ರಿಷಿಯನ್ ಒಬ್ಬರು, ಸಾಕೆಟ್ ಒಳಗೆ ಒಂದು ತುಂಡು ತಂತಿ ಹಾಕಿದರೆ ಕೆಂಪು ದೀಪದ ಕಾಟ ತಪ್ಪುತ್ತದೆ ಎನ್ನುತ್ತಾರೆ. ಹಾಕಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಉಳಿದವಕ್ಕೆ ಅವಸರವಿಲ್ಲ. ಆ ತುಂಡು ತಂತಿ ಬೇಡ. ನೀವು ಪತ್ರ ಬರೆದ ಮೇಲೆ ಹಾಕಿಸಿ ಆಗಿದ್ದರೆ, ಇದನ್ನು ಓದುವುದನ್ನು ನಿಲ್ಲಿಸಿ ಮೇನ್ ಸ್ವಿಚ್ ಆರಿಸಿ, ಅದನ್ನು ತೆಗೆಸಿ ಬಂದು ಮುಂದೆ ಓದಿ.

ಅವರು ಮಾಡಲು ಹೊರಟಿರುವುದು ಇಷ್ಟು. ಸಾಕೆಟ್‌ನಲ್ಲಿ ಮೂರು ತೂತು: ವಿದ್ಯುತ್ ಬರುವ ಫೇಸ್, ಮರಳುವ ನ್ಯೂಟ್ರಲ್, ಮೇಲಿನ ದಪ್ಪನೆಯದು ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಅರ್ಥಿಂಗ್. ಕಾರಿನ ಕೇಬಲ್‌ನಲ್ಲಿರುವ ಪೆಟ್ಟಿಗೆ ವಿದ್ಯುತ್ ಎಳೆಯುವ ಮೊದಲು ಆ ಮೂರನೆಯ ತೂತಿನ ಹಿಂದೆ ನಿಜವಾಗಿ ಭೂಮಿ ಇದೆಯೇ ಎಂದು ಪರೀಕ್ಷಿಸುತ್ತದೆ. ಇಲ್ಲವೆನಿಸಿದರೆ ಕೆಂಪು ದೀಪ. ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಒಂದು ತುಂಡು ತಂತಿ ಬೆಸೆದರೆ ಪೆಟ್ಟಿಗೆ ಮೋಸಹೋಗುತ್ತದೆ. ದೀಪ ಹಸಿರಾಗುತ್ತದೆ, ಎಲೆಕ್ಟ್ರಿಷಿಯನ್‌ಗೆ ಐನೂರು ರೂಪಾಯಿ, ನಿಮಗೆ ನೆಮ್ಮದಿ. ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಆಮೇಲೆ ಒಂದು ದಿನ ಪುನರ್ವಸು ಮಳೆಯಲ್ಲಿ ಹಲಸಿನ ಕೊಂಬೆ ಮುರಿದು ಕಂಬದಿಂದ ನಿಮ್ಮ ಮನೆಗೆ ಬರುವ ತಂತಿಗಳಲ್ಲಿ ನ್ಯೂಟ್ರಲ್ ಒಂದೇ ತುಂಡಾಗುತ್ತದೆ. ಫೇಸ್ ಜೀವಂತವಾಗಿರುತ್ತದೆ. ಅದು ಫ್ರಿಜ್‌ನ ಮೂಲಕ, ಬಲ್ಬ್‌ನ ಮೂಲಕ ಹಾದು ನ್ಯೂಟ್ರಲ್‌ಗೆ ಬರುತ್ತದೆ, ವಾಪಸ್ ಹೋಗಲು ದಾರಿಯಿಲ್ಲ. ಆಗ ನ್ಯೂಟ್ರಲ್ ಕೂಡ ಫೇಸ್‌ನಷ್ಟೇ ಅಪಾಯಕಾರಿ. ನಿಮ್ಮ ತುಂಡು ತಂತಿಯ ದಾರಿಯಲ್ಲಿ ಅದು ಕಾರಿನ ಮೈಗೆ ಬಂದು ಕೂರುತ್ತದೆ. ಅಮ್ಮ ಒದ್ದೆ ಅಂಗಳದಲ್ಲಿ ಬರಿಗಾಲಿನಲ್ಲಿ ಬಂದು ಬಾಗಿಲಿನ ಹಿಡಿಕೆಗೆ ಕೈ ಹಾಕುತ್ತಾರೆ. ಮುಂದಿನದನ್ನು ಬರೆಯಬೇಕಾಗಿಲ್ಲ.

ಹೆದರಿಸಲು ಇದನ್ನು ಹೇಳುತ್ತಿಲ್ಲ. ವಿದ್ಯುತ್ ಸರಬರಾಜಿನ ಕೆಲಸದಲ್ಲಿ ಮೂವತ್ತೊಂದು ವರ್ಷ ಕಳೆದವನಿಗೆ ನ್ಯೂಟ್ರಲ್ ತುಂಡಾದ ದೂರು ಎಷ್ಟು ಬರುತ್ತವೆ ಎಂಬುದು ಗೊತ್ತು. ಮಲೆನಾಡಿನಲ್ಲಿ ಮಳೆಗಾಲದ ಮಾಮೂಲಿ ದೂರು ಅದು.

ಈಗ ನನ್ನ ಮರ್ಯಾದೆಯ ಕಥೆ. ಒಂದೂವರೆ ವರ್ಷದ ಹಿಂದೆ ನಾವೂ ಶಿವಮೊಗ್ಗದ ಮನೆಗೆ ಇಂಥದೇ ಒಂದು ಕಾರು ತಂದೆವು. ಪೂಜೆಯಾಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಆಯಿತು, ಹೊಸ ಹದಿನೈದು ಆಂಪಿಯರ್ ಸಾಕೆಟ್‌ಗೆ ಕೇಬಲ್ ಚುಚ್ಚಿದೆ. ಕೆಂಪು ದೀಪ. ಕಾರಿನವರಿಗೆ ಫೋನ್ ಮಾಡಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಆ ಹುಡುಗ ಸೌಮ್ಯವಾಗಿ, 'ಸರ್, ಒಮ್ಮೆ ಮನೆಯ ಅರ್ಥಿಂಗ್ ನೋಡಿಸಿ' ಎಂದ. ನನಗೆ ಹೇಳುತ್ತಾನೆ! ಟಾರ್ಚ್ ಹಿಡಿದು ಮನೆಯ ಹಿಂಬದಿಗೆ ಹೋದೆ. ಮೀಟರ್ ಬೋರ್ಡ್‌ನಿಂದ ಬಂದ ಅರ್ಥಿಂಗ್ ತಂತಿ ಗೋಡೆಗುಂಟ ಇಳಿದು, ನೆಲದಿಂದ ಒಂದು ಗೇಣು ಮೇಲೆ, ಅಚ್ಚುಕಟ್ಟಾಗಿ ಮಡಚಿಕೊಂಡು ನಿಂತಿತ್ತು. ಅದರ ತುದಿ ಯಾವುದಕ್ಕೂ ಸೇರಿರಲಿಲ್ಲ. ನಾಲ್ಕು ವರ್ಷದ ಹಿಂದೆ ಹಿತ್ತಲಿಗೆ ಇಂಟರ್‌ಲಾಕ್ ಇಟ್ಟಿಗೆ ಹಾಕಿಸಿದಾಗ ಆ ತಂತಿ ನೆಲಕ್ಕೆ ಸೇರುವ ಅರ್ಥಿಂಗ್ ಗುಂಡಿ ಮುಚ್ಚಿಹೋಗಿತ್ತು, ತಂತಿ ಕತ್ತರಿಸಿದವರು ಪಾಪ ಅದನ್ನು ಅಂದವಾಗಿ ಮಡಚಿದ್ದರು. ಆ ನಾಲ್ಕು ವರ್ಷವೂ ಮಳೆಗಾಲದಲ್ಲಿ ಗ್ರೈಂಡರ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಲೇ ಇದ್ದಳು. ರಬ್ಬರ್ ಚಪ್ಪಲಿ ಹಾಕಿಕೊಂಡು ರುಬ್ಬು ಎಂದು ಸಲಹೆ ಕೊಟ್ಟವನು ನಾನೇ.

ಅದಕ್ಕೇ ನಿಮ್ಮ ಪತ್ರ ಓದುವಾಗ ನನಗೆ ಕಾರಿಗಿಂತ ಮನೆ ಹೆಚ್ಚು ಕಂಡಿತು. ವಿದ್ಯುತ್ ಕಾರು ತಂದವನ ಮೊದಲ ತಿಂಗಳ ದೂರುಗಳಲ್ಲಿ ಬಹುಪಾಲು ಕಾರಿನವಲ್ಲ. ಮಿಕ್ಸಿ, ಟಿ.ವಿ., ಪಂಪ್ ಯಾವುದೂ ಅರ್ಥಿಂಗ್ ಇದೆಯೇ ಎಂದು ಕೇಳುವುದಿಲ್ಲ, ಕೊಟ್ಟದ್ದನ್ನು ತಿಂದು ಸುಮ್ಮನಿರುತ್ತವೆ. ಕೇಳುವ ಮೊದಲ ಯಂತ್ರ ಇದು. ಕೇಳಿದ್ದಕ್ಕೆ ಬಾಯಿ ಮುಚ್ಚಿಸಬೇಡಿ.

ನಿಮ್ಮ ಮನೆಯ ರೋಗವನ್ನು ನೀವೇ ಅರ್ಧ ಹೇಳಿದ್ದೀರಿ. ಹಗಲು ಆಗುತ್ತದೆ, ಸಂಜೆ ಏಳರ ಮೇಲೆ ಆಗುವುದಿಲ್ಲ. ತಂತಿ ಪೂರ್ತಿ ಕಡಿದಿದ್ದರೆ ಹಗಲೂ ಆಗುತ್ತಿರಲಿಲ್ಲ. ಸಂಜೆ ಆ ಲೈನಿನ ಎಲ್ಲ ಮನೆಗಳಲ್ಲಿ ದೀಪ, ಟಿ.ವಿ., ಗ್ರೈಂಡರ್, ಯಾರದೋ ಮನೆಯಲ್ಲಿ ಗೀಸರ್. ಟಿ.ಸಿ.ಯಿಂದ (ಊರಿನ ಟ್ರಾನ್ಸ್‌ಫಾರ್ಮರ್) ದೂರದಲ್ಲಿರುವ ಮನೆಗೆ ಬರುವಷ್ಟರಲ್ಲಿ ವೋಲ್ಟೇಜ್ ಸೊರಗುತ್ತದೆ. ಅಷ್ಟೂ ಮನೆಗಳ ವಿದ್ಯುತ್ ಮರಳುವುದು ಒಂದೇ ಸಣಕಲು ನ್ಯೂಟ್ರಲ್‌ನಲ್ಲಿ, ಆದ್ದರಿಂದ ಸೊನ್ನೆಯಾಗಿರಬೇಕಾದ ಅದೂ ಹತ್ತು ಹದಿನೈದು ವೋಲ್ಟ್ ಮೇಲೇರುತ್ತದೆ. ಪೆಟ್ಟಿಗೆ ನೋಡುವುದು ಇದನ್ನೇ. ನಿಮ್ಮ ಅರ್ಥಿಂಗ್ ಕೂಡ ದುರ್ಬಲವಾಗಿದ್ದರೆ ಕೇಳುವುದೇ ಬೇಡ.

ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಸಂಜೆ ಏಳೂವರೆಗೆ ಕರೆಸಿ. ಬೆಳಿಗ್ಗೆ ಬರುತ್ತೇನೆ ಎಂದರೆ ಒಪ್ಪಬೇಡಿ, ಬೆಳಿಗ್ಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸಾಕೆಟ್‌ನಲ್ಲಿ ಮೂರು ಅಳತೆ ಸಾಕು: ಫೇಸ್‌ನಿಂದ ನ್ಯೂಟ್ರಲ್‌ಗೆ, ಫೇಸ್‌ನಿಂದ ಅರ್ಥಿಂಗ್‌ಗೆ, ನ್ಯೂಟ್ರಲ್‌ನಿಂದ ಅರ್ಥಿಂಗ್‌ಗೆ. ಮೊದಲ ಎರಡು 230ರ ಆಸುಪಾಸಿನಲ್ಲಿ ಒಂದೇ ಸಮ ಇದ್ದು, ಮೂರನೆಯದು ಎರಡು ಮೂರು ವೋಲ್ಟ್ ಒಳಗಿದ್ದರೆ ಒಳ್ಳೆಯ ಮನೆ. ಆದರೆ ಮಲ್ಟಿಮೀಟರ್ ಒಂದನ್ನೇ ನಂಬಿದರೆ ಆಗದು. ಅದು ಎಳೆಯುವ ವಿದ್ಯುತ್ ಎಳ್ಳಿನಷ್ಟು, ತುಕ್ಕು ಹಿಡಿದ ಅರ್ಥಿಂಗ್ ಕೂಡ ಅದಕ್ಕೆ 230 ಎಂದು ತೋರಿಸಿಬಿಡುತ್ತದೆ. ಗುಂಡಿಯನ್ನೇ ಅರ್ಥ್ ಟೆಸ್ಟರ್‌ನಲ್ಲಿ ಅಳೆಸಬೇಕು. ವಿದ್ಯುತ್ ನೆಲಕ್ಕಿಳಿಯಲು ಇರುವ ಅಡ್ಡಿ ಐದು ಓಮ್ ಒಳಗೆ ಬಂದರೆ ನೆಮ್ಮದಿಯಿಂದ ಮಲಗಿ.

ಬರದಿದ್ದರೆ ಹೊಸ ಗುಂಡಿ. ನಮ್ಮ ಕಡೆಯ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಸ್ಪಂಜಿನಂತೆ ನೀರು ಕುಡಿದು ಅರ್ಥಿಂಗ್‌ಗೆ ಒದಗುತ್ತದೆ, ಮಾರ್ಚ್–ಏಪ್ರಿಲ್ ಬಂತೆಂದರೆ ಬಿಸಿಲಿಗೆ ಕಾದು ಕಲ್ಲಾಗುತ್ತದೆ. ಆಗಸ್ಟ್‌ನಲ್ಲಿ ನಾಲ್ಕು ಓಮ್ ತೋರಿಸಿದ ಗುಂಡಿ ಶಿವರಾತ್ರಿ ಕಳೆದ ಮೇಲೆ ಅದರ ಹಲವು ಪಟ್ಟು ತೋರಿಸುವುದು ಅಪರೂಪವೇನಲ್ಲ. ನಿಮ್ಮ ಕೆಂಪು ದೀಪ ಈ ಮಳೆಯಲ್ಲೇ ಕಾಣಿಸಿಕೊಂಡಿರುವುದರಿಂದ ಬೇಸಗೆಗೆ ಈಗಲೇ ಸಿದ್ಧರಾಗಿ. ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪ್, ಸುತ್ತ ಇದ್ದಿಲು–ಉಪ್ಪು, ಮೇಲೆ ನೀರು ಹಾಕಲು ಸಣ್ಣ ಚೌಕ. ಇದು ಹಳೆಯ ಪದ್ಧತಿ, ಈಗಲೂ ಸಲ್ಲುತ್ತದೆ. ಒಂದರಿಂದ ಸಾಲದಿದ್ದರೆ ಪೈಪಿನ ಉದ್ದದಷ್ಟಾದರೂ ದೂರದಲ್ಲಿ ಇನ್ನೊಂದು ಗುಂಡಿ ತೋಡಿ ಎರಡನ್ನೂ ಜೋಡಿಸಿ. ಬಚ್ಚಲಿನ ನೀರು ಹರಿಯುವ ಕಡೆ ಜಾಗ ಹುಡುಕಿದರೆ ಬೇಸಗೆಯಲ್ಲಿ ಕೊಡ ಹೊರುವ ಕೆಲಸ ತಪ್ಪುತ್ತದೆ. ನ್ಯೂಟ್ರಲ್–ಅರ್ಥಿಂಗ್ ನಡುವಿನ ವೋಲ್ಟೇಜ್ ಆಮೇಲೂ ಇಳಿಯದಿದ್ದರೆ ದೋಷ ಲೈನಿನದು, ಮೆಸ್ಕಾಂ ಶಾಖಾ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಅಲ್ಲಿಯವರೆಗೆ ಕಾರಿನ ಪರದೆಯಲ್ಲಿ ಚಾರ್ಜಿಂಗ್ ಸಮಯವನ್ನು ರಾತ್ರಿ ಹನ್ನೊಂದಕ್ಕೆ ಹೊಂದಿಸಿ. ಊರು ಮಲಗಿದ ಮೇಲೆ ಲೈನಿಗೂ ವಿಶ್ರಾಂತಿ.

ಸಾಕೆಟ್‌ಗೆ ಮೀಟರ್ ಬೋರ್ಡ್‌ನಿಂದಲೇ ಬೇರೆ ತಂತಿ ಬರಬೇಕು, 4 ಚದರ ಮಿ.ಮೀ. ತಾಮ್ರದ್ದು, ಅದಕ್ಕೇ ಮೀಸಲಾದ, ಭಾರ ಹೆಚ್ಚಾದರೆ ಆರುವ ಎಂಸಿಬಿ ಮತ್ತು ವಿದ್ಯುತ್ ಸೋರಿದರೆ ಆರುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಜೊತೆಗೆ. ಗೀಸರ್ ಹತ್ತು ನಿಮಿಷ ಉರಿದು ಆರುತ್ತದೆ, ಕಾರು ಹತ್ತು ಗಂಟೆ ಒಂದೇ ಸಮ ಎಳೆಯುತ್ತದೆ. ಸಡಿಲ ಸಾಕೆಟ್ ಕರಗುವುದು ಹೀಗೆ. ಚಾರ್ಜ್‌ಗೆ ಹಾಕಿ ಒಂದು ಗಂಟೆಯಾದ ಮೇಲೆ ಪ್ಲಗ್‌ನ ಪ್ಲಾಸ್ಟಿಕ್ ಮೈಯನ್ನು ಹಿಂಗೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಆರಿಸಿ. ಎಕ್ಸ್‌ಟೆನ್ಶನ್ ಬೋರ್ಡ್ ಮಾತು ಎತ್ತಲೇಬೇಡಿ. ತೋಟದ ಪಂಪ್ ಮನೆಯಿಂದ ಚಾರ್ಜ್ ಮಾಡುವ ಆಸೆಯೂ ಬೇಡ, ಪಂಪ್‌ಸೆಟ್‌ಗೆಂದು ಉಚಿತವಾಗಿ ಕೊಟ್ಟ ವಿದ್ಯುತ್ತನ್ನು ಕಾರಿಗೆ ಎಳೆದರೆ ಅದು ದುರ್ಬಳಕೆ. ಗುಡುಗು ಕೇಳಿಸಿದರೆ ಕೇಬಲ್ ಕೀಳಿ. ಟಿ.ವಿ.ಯ ತಂತಿ ಕೀಳುತ್ತೀರಲ್ಲ, ಹಾಗೆ.

ಹಳೆಯ ಮನೆಗಳ ಮಂಜೂರಾದ ಲೋಡ್ ಒಂದೆರಡು ಕಿಲೋವಾಟ್ ಮಾತ್ರ ಇರುತ್ತದೆ, ಕಾರೊಂದೇ ಮೂರು ಎಳೆಯುತ್ತದೆ. ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಿ. ನೀವು ಕೇಳದಿದ್ದರೂ ಗೃಹಜ್ಯೋತಿಯ ಮಾತು ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಬಿಲ್ ನೋಡಿ ನೀವು ಬರೆಯುವ ಎರಡನೇ ಪತ್ರ ಅದೇ ಆಗಿರುತ್ತದೆ. ನಿಮ್ಮ ಮನೆಗೆ ತಿಂಗಳಿಗೆ 110 ಯೂನಿಟ್ ಎನ್ನೋಣ, ಇದುವರೆಗೆ ಸೊನ್ನೆ ಬಿಲ್. ಕಾರು ತಿಂಗಳಿಗೆ 1,200 ಕಿ.ಮೀ. ಓಡಿದರೆ ಯೂನಿಟ್‌ಗೆ ಏಳು ಕಿ.ಮೀ.ನಂತೆ ಸುಮಾರು 170 ಯೂನಿಟ್, ಚಾರ್ಜಿಂಗ್‌ನಲ್ಲಿ ಸೋರುವುದನ್ನು ಸೇರಿಸಿದರೆ 190. ಒಟ್ಟು 300. ತಿಂಗಳಿಗೆ 200 ದಾಟಿದರೆ ದಾಟಿದ್ದಕ್ಕೆ ಮಾತ್ರವಲ್ಲ, ಪೂರ್ತಿ ಮುನ್ನೂರಕ್ಕೂ ಹಣ ಕಟ್ಟಬೇಕು. ಎಲ್ಲ ಸೇರಿ ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ನಿಗದಿತ ಶುಲ್ಕದೊಂದಿಗೆ ಎರಡೂವರೆ ಸಾವಿರದ ಮೇಲೆ. ಸೊನ್ನೆಯಿಂದ ಎರಡೂವರೆ ಸಾವಿರಕ್ಕೆ ಹಾರಿದ ಬಿಲ್ ನೋಡಿ ಮನೆಯಲ್ಲಿ ಮಾತು ಬರುತ್ತದೆ. ಆಗ ಹಳೆಯ ಕಾರಿನ ಲೆಕ್ಕ ತೆಗೆಯಿರಿ: ಲೀಟರ್‌ಗೆ ಹದಿನೈದರಂತೆ 80 ಲೀಟರ್, ಲೀಟರ್‌ಗೆ 90 ರೂಪಾಯಿ ಹಿಡಿದರೂ 7,200. ವಿದ್ಯುತ್ ವಾಹನದ ಚಾರ್ಜಿಂಗ್‌ಗೆ ಪ್ರತ್ಯೇಕ ದರವರ್ಗವೂ ರಾಜ್ಯದಲ್ಲಿದೆ. ಕಾರಿಗೆ ಬೇರೆ ಆರ್‌ಆರ್ ನಂಬರ್ (ಸಂಪರ್ಕದ ಸಂಖ್ಯೆ) ಪಡೆದರೆ ಮನೆಯ ಬಿಲ್ ಅದರ ಪಾಡಿಗೆ ಉಳಿಯುತ್ತದೆಯೇ ಎಂದು ಉಪವಿಭಾಗದ ಕಚೇರಿಯಲ್ಲಿ ವಿಚಾರಿಸಿ.

ಇನ್ನು ಘಾಟಿ. ಇದು ನನಗೆ ಇಷ್ಟದ ವಿಷಯ, ಸ್ವಲ್ಪ ಸಹಿಸಿಕೊಳ್ಳಿ.

ಸೋಮೇಶ್ವರದಿಂದ ಆಗುಂಬೆಯ ನೆತ್ತಿಗೆ ಹದಿನಾಲ್ಕು ತಿರುವು, ಎತ್ತರದ ವ್ಯತ್ಯಾಸ ಸುಮಾರು 550 ಮೀಟರ್. ನಿಮ್ಮ ಕಾರು, ಐದು ಜನ, ಮಣಿಪಾಲದಿಂದ ತಂದ ಸಾಮಾನು ಎಲ್ಲ ಸೇರಿ 1,800 ಕಿಲೋ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ 2.7 ಯೂನಿಟ್. ಇದು ಶಾಲೆಯ ಪುಸ್ತಕದ ಲೆಕ್ಕ, ಯಾವ ಕಂಪನಿಯೂ ಇದನ್ನು ಕಡಿಮೆ ಮಾಡಲಾರದು. ಮೋಟರಿನಲ್ಲಿ ಸೋರುವುದು ಸೇರಿ ಮೂರು, ಚಕ್ರ ಉರುಳಿಸಲು ಇನ್ನೊಂದು, ಒಟ್ಟು ನಾಲ್ಕು ಯೂನಿಟ್. 45ರಲ್ಲಿ ನಾಲ್ಕು ಎಂದರೆ ಶೇ 9. ನೀವು ಬರೆದ ಅಂಕಿಯೇ! ಕಾರು ಒಂದು ಚೂರೂ ಹೆಚ್ಚು ತಿಂದಿಲ್ಲ. ಡೀಸೆಲ್ ಕಾರೂ ಘಾಟಿಯಲ್ಲಿ ಹೀಗೇ ಕುಡಿಯುತ್ತಿತ್ತು, ಮುಳ್ಳು ಅಷ್ಟು ಸೂಕ್ಷ್ಮವಾಗಿ ತೋರಿಸುತ್ತಿರಲಿಲ್ಲ, ನಾವೂ ನೋಡುತ್ತಿರಲಿಲ್ಲ. ಆಗುಂಬೆ ದಾಟಿ ಸಮ ರಸ್ತೆಗೆ ಬಂದ ಮೇಲೆ ಪರದೆಯ ಅಂದಾಜು ಮೆಲ್ಲನೆ ಚೇತರಿಸಿಕೊಂಡಿರಬೇಕು, ಗಮನಿಸಿ.

ಇಳಿಯುವಾಗ ಆ 2.7 ಯೂನಿಟ್ ಪೂರ್ತಿ ಮರಳುವುದಿಲ್ಲ. ಚಕ್ರ ಉರುಳಲು ಒಂದು ಹೋಗುತ್ತದೆ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ಬ್ಯಾಟರಿಗೆ ಸೇರಿದರೆ ಅದೃಷ್ಟ. ಒಂದು ಯೂನಿಟ್ ಚಿಲ್ಲರೆ, ಅಂದರೆ ಶೇ 2ರಿಂದ 3. ಹುಲಿಕಲ್ ಘಾಟಿಯ ಮಗ್ಗುಲಿನಲ್ಲಿ ವಾರಾಹಿ ನದಿಯ ಮಾಣಿ ಅಣೆಕಟ್ಟೆಯ ನೀರು ಕೆಳಗಿಳಿದು, ಹೊಸಂಗಡಿಯ ನೆಲದಡಿಯ ವಿದ್ಯುದಾಗಾರದಲ್ಲಿ 115 ಮೆಗಾವಾಟ್‌ನ ನಾಲ್ಕು ಯಂತ್ರಗಳನ್ನು ತಿರುಗಿಸುತ್ತದೆ. ಘಾಟಿ ಇಳಿಯುವ ನಿಮ್ಮ ಕಾರು ಮಾಡುವುದು ವಾರಾಹಿಯ ಆ ಕೆಲಸವನ್ನೇ, ನೀರಿನ ಬದಲು ನೀವೇ ಇಳಿಯುತ್ತೀರಿ. ಆದರೆ ಮೊದಲ ಸಲ ಏಕೆ ಏರಲಿಲ್ಲ? ರಾತ್ರಿಯಿಡೀ ಚಾರ್ಜ್ ಮಾಡಿ ನೂರಕ್ಕೆ ತುಂಬಿಸಿ ಹೊರಟಿರಬೇಕು. ತುಂಬಿದ ಕೊಡಕ್ಕೆ ನೀರು ಹುಯ್ದರೆ ಎಲ್ಲಿ ನಿಲ್ಲುತ್ತದೆ? ಪಾದ ಎತ್ತಿದಾಗ ಕಾರನ್ನು ತಡೆದು ಆ ಶಕ್ತಿಯಿಂದ ಚಾರ್ಜ್ ಮಾಡುವ ಮೋಟರಿನ ಹಿಡಿತ, ಬ್ಯಾಟರಿ ತುಂಬಿದ್ದಾಗ ತಾನಾಗಿ ಸಡಿಲಗೊಳ್ಳುತ್ತದೆ, ಪೂರ್ತಿ ಭಾರ ಬ್ರೇಕ್ ಪ್ಯಾಡ್‌ಗಳ ಮೇಲೆ ಬೀಳುತ್ತದೆ. ಅಂಕಿ ಏರದಿದ್ದುದಕ್ಕಿಂತ ಮುಖ್ಯವಾದ ಸಂಗತಿ ಇದು, ಪಾದಕ್ಕೆ ಅಭ್ಯಾಸವಾದ ಹಿಡಿತ ತಿರುವಿನಲ್ಲಿ ಇಲ್ಲದೆ ಹೋದರೆ ಗಾಬರಿಯಾಗುತ್ತದೆ. ಘಾಟಿ ಇಳಿಯುವ ದಿನ ಶೇ 90ಕ್ಕೆ ನಿಲ್ಲಿಸಿ ಹೊರಡಿ.

ಅಮ್ಮನ ವಾಂತಿಗೂ ಇದೇ ಹಿಡಿತ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಡೀಸೆಲ್ ಕಾರಿನಲ್ಲಿ ತಿರುವು ಬರುವ ಮೊದಲೇ ಎಂಜಿನ್ನಿನ ಸದ್ದು ಬದಲಾಗುತ್ತದೆ, ಗೇರ್ ಇಳಿಯುತ್ತದೆ, ಹಿಂದೆ ಕೂತ ಮೈ ತನಗರಿವಿಲ್ಲದೆ ಸಿದ್ಧವಾಗುತ್ತದೆ. ಇದರಲ್ಲಿ ಸದ್ದಿಲ್ಲ. ನೀವು ಪಾದ ಎತ್ತಿದ ಕ್ಷಣ ಕಾರು ಹಿಂದಕ್ಕೆಳೆದಂತೆ ನಿಧಾನವಾಗುತ್ತದೆ, ಒತ್ತಿದ ಕ್ಷಣ ಮುಂದಕ್ಕೆ ಚಿಮ್ಮುತ್ತದೆ. ಕಣ್ಣು ಮುಚ್ಚಿ ಹಿಂದಿನ ಸೀಟಿನಲ್ಲಿ ಒರಗಿದವರ ಹೊಟ್ಟೆಯಲ್ಲಿ ಇದು ಜೋಕಾಲಿಯಾಡುತ್ತದೆ. ಒಂದೇ ಪೆಡಲ್‌ನಲ್ಲಿ ಓಡಿಸುವ ಸೌಕರ್ಯವನ್ನು ಮಾರುವವರು ಬಹಳ ಹೊಗಳುತ್ತಾರೆ. ಪೇಟೆಯ ಸಿಗ್ನಲ್‌ಗಳ ನಡುವೆ ಅದು ಸರಿ, ವಯಸ್ಸಾದವರನ್ನು ಕೂರಿಸಿಕೊಂಡು ಆಗುಂಬೆಯಲ್ಲಿ ಬೇಡ. ಹಿಡಿತವನ್ನು ಕನಿಷ್ಠ ಮಟ್ಟಕ್ಕೆ ಇಳಿಸಿ ಓಡಿಸಿ, ಕಡಿದಾದ ಇಳಿಜಾರಿನಲ್ಲಿ ಮಾತ್ರ ಒಂದು ಮಟ್ಟ ಏರಿಸಿ. ಪಾದವನ್ನು ಒಮ್ಮೆಲೇ ಎತ್ತದೆ, ಬಾವಿಗೆ ಕೊಡ ಇಳಿಸುವಾಗ ಹಗ್ಗ ಬಿಡುತ್ತೇವಲ್ಲ, ಹಾಗೆ ಬಿಡಿ. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ನಮ್ಮ ಮನೆಯಲ್ಲಿ ಅತ್ತೆಯವರಿಗೆ ಹೀಗೇ ಆಗುತ್ತಿತ್ತು, ಈಗ ಅವರು ಮುಂದೆ ಕೂತು ದಾರಿಯುದ್ದಕ್ಕೂ ನನ್ನ ಚಾಲನೆಯನ್ನು ತಿದ್ದುತ್ತಾರೆ. ವಾಂತಿಯೊಂದು ನಿಂತಿದೆ.

390 ಹೋಗಿ 285 ಆದದ್ದಕ್ಕೆ ಎರಡೇ ಮಾತು. ಪರದೆಯ ಅಂಕಿ ಬ್ಯಾಟರಿಯ ಅಳತೆಯಲ್ಲ, ಇತ್ತೀಚೆಗೆ ಓಡಿಸಿದ ರೀತಿಯನ್ನು ನೋಡಿ ಕಾರು ಕಟ್ಟುವ ಅಂದಾಜು. ಮಳೆ, ಏರಿಳಿತ, ಗಾಜಿನ ಮಂಜು ಹೋಗಲು ದಿನವಿಡೀ ಎ.ಸಿ. ಇರುವ ನಮ್ಮ ಕಡೆ 45 ಯೂನಿಟ್‌ಗೆ 280ರಿಂದ 310 ಬಂದರೆ ನ್ಯಾಯವಾದ ಅಂಕಿ. ಕೈಪಿಡಿಯಲ್ಲಿ ಬ್ಯಾಟರಿಯ ಜಾತಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಎಂದಿದ್ದರೆ, ಅವರು ಹೇಳಿದ ಅವಧಿಗೊಮ್ಮೆ ನೂರರವರೆಗೆ ತುಂಬಿಸಿ. ಆ ಜಾತಿಯ ಬ್ಯಾಟರಿಯ ವೋಲ್ಟೇಜ್ ಬಹುತೇಕ ಒಂದೇ ಮಟ್ಟದಲ್ಲಿರುವುದರಿಂದ ಶೇಕಡಾ ಲೆಕ್ಕ ಆಗಾಗ ದಾರಿ ತಪ್ಪುತ್ತದೆ, ನೂರು ಮುಟ್ಟಿಸಿದಾಗ ಸರಿಹೋಗುತ್ತದೆ. ಇನ್ನೊಂದು ಜಾತಿಯಾದ ಎನ್‌ಎಂಸಿ ಆಗಿದ್ದರೆ ದಿನನಿತ್ಯಕ್ಕೆ ಶೇ 80 ಸಾಕು.

ಮುಖ್ಯರಸ್ತೆಯಿಂದ ನಿಮ್ಮ ಮನೆಯ ಎರಡು ಕಿಲೋಮೀಟರ್ ಬಗ್ಗೆ ನೀವು ಏನೂ ಬರೆದಿಲ್ಲ, ನನಗೆ ಮಾತ್ರ ಅದರದೇ ಯೋಚನೆ. ಈ ಕಾರುಗಳ ಬ್ಯಾಟರಿ ಹೊಟ್ಟೆಯಡಿಯಲ್ಲಿ ಹಲಗೆಯಂತೆ ಹಾಸಿರುತ್ತದೆ. ಕಲ್ಲು ತಾಗಿ ಡೀಸೆಲ್ ಕಾರಿನ ಸೈಲೆನ್ಸರ್ ಜಜ್ಜಿದರೆ ವೆಲ್ಡಿಂಗ್ ಅಂಗಡಿ ಸಾಕಿತ್ತು. ಇಲ್ಲಿ ಸದ್ದು ಕೇಳಿಸಿದರೆ ನಿಲ್ಲಿಸಿ, ಬಗ್ಗಿ ನೋಡಿ, ಫೋಟೊ ತೆಗೆದು ಸರ್ವಿಸ್‌ನವರಿಗೆ ತೋರಿಸಿ. ಕೆಸರಿನ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಚಕ್ರಗಳು ನಿಂತಲ್ಲೇ ತಿರುಗಿ ಗುಂಡಿ ತೋಡುತ್ತವೆ, ಮೋಟರಿನ ಬಲ ಒಮ್ಮೆಲೇ ಬರುವುದರಿಂದ. ಇಕೋ ಮೋಡ್‌ನಲ್ಲಿ ಬೆಕ್ಕಿನ ಹೆಜ್ಜೆಯಲ್ಲಿ ಹತ್ತಿಸಿ. ಹಳ್ಳ ಉಕ್ಕಿ ಮೋರಿಯ ಮೇಲೆ ಹರಿಯುತ್ತಿದ್ದರೆ, ಬ್ಯಾಟರಿಗೆ ಐಪಿ67 ಇದೆ ಎಂಬ ಧೈರ್ಯದಿಂದ ಇಳಿಯಬೇಡಿ. ಆ ಪ್ರಮಾಣಪತ್ರ ನೀರು ಒಳಗೆ ನುಗ್ಗುವುದಿಲ್ಲ ಎನ್ನುತ್ತದೆ, ಕಾರು ಕೊಚ್ಚಿಹೋಗುವುದಿಲ್ಲ ಎನ್ನುವುದಿಲ್ಲ. ಅಡಿಕೆ ಮೂಟೆ ಇಡುವ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸುವುದಾದರೆ ಇಲಿಬೋನು ಇಡಿ. ಬಾನೆಟ್ ಒಳಗಿನ ಕಿತ್ತಳೆ ಬಣ್ಣದ ತಂತಿಗಳಲ್ಲಿ ಹರಿಯುವುದು ನೂರಾರು ವೋಲ್ಟ್. ಅವನ್ನು ಇಲಿಯೂ ಮುಟ್ಟಬಾರದು, ಊರಿನ ಮೆಕ್ಯಾನಿಕ್ಕೂ ಮುಟ್ಟಬಾರದು.

ಮೂರು ದಿನ ಕರೆಂಟ್ ಹೋದರೆ ಏನು ಗತಿ ಎಂದಿರಿ. ಸಾವಿರ ಮೆಗಾವಾಟ್ ಮೀರಿದ ಶರಾವತಿಯ ವಿದ್ಯುದಾಗಾರವನ್ನು ಅಂಚಿನಲ್ಲಿಟ್ಟುಕೊಂಡು ನಾವು ಈ ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ, ಇರಲಿ. ಆರಿದ್ರಾದಿಂದ ಆಶ್ಲೇಷಾ ಮಳೆ ಮುಗಿಯುವವರೆಗೆ ಬ್ಯಾಟರಿಯನ್ನು ಶೇ 60ಕ್ಕಿಂತ ಕೆಳಗೆ ಬಿಡದಿರುವುದು ನಾನು ಪಾಲಿಸುವ ನಿಯಮ. ಅಷ್ಟಿದ್ದರೆ ಶಿವಮೊಗ್ಗಕ್ಕೆ ಹೋಗಿ ಬರಬಹುದು, ಅಲ್ಲಿ ತುಂಬಿಸಿಕೊಳ್ಳಲೂಬಹುದು. ಮನೆಯ ಯುಪಿಎಸ್‌ನಿಂದ ಕಾರು ಚಾರ್ಜ್ ಆಗದು, ಸಣ್ಣ ಜನರೇಟರ್‌ನಿಂದಲೂ ಸಾಮಾನ್ಯವಾಗಿ ಆಗದು. ಜನರೇಟರ್‌ನ ನ್ಯೂಟ್ರಲ್ ಭೂಮಿಗೆ ಸೇರಿರುವುದಿಲ್ಲ, ಮತ್ತೆ ಅದೇ ಕೆಂಪು ದೀಪ.

ಆದರೆ ಇದರ ಮಗ್ಗುಲು ಬದಲಿಸಿ ನೋಡಿ. ಈಗಿನ ಹಲವು ವಿದ್ಯುತ್ ಎಸ್‌ಯುವಿಗಳಲ್ಲಿ ಕಾರಿನಿಂದ ಹೊರಗೆ ವಿದ್ಯುತ್ ಕೊಡುವ ಸೌಲಭ್ಯವಿದೆ, ವಿ2ಎಲ್ ಎನ್ನುತ್ತಾರೆ. ನಿಮ್ಮದರಲ್ಲಿ ಇದೆಯೇ ಎಂದು ಕೈಪಿಡಿ ನೋಡಿ. ಒಂದು ಫ್ರಿಜ್, ನಾಲ್ಕು ಎಲ್‌ಇಡಿ ದೀಪ, ಒಂದು ಫ್ಯಾನ್, ಮೊಬೈಲ್‌ಗಳು, ಬೆಳಿಗ್ಗೆ ಹತ್ತು ನಿಮಿಷ ಮಿಕ್ಸಿ. ದಿನಕ್ಕೆ ಮೂರು ಯೂನಿಟ್ ಸಾಕು. ಅರ್ಧ ತುಂಬಿದ ಕಾರು ಒಂದು ವಾರ ಮನೆ ಬೆಳಗಿಸುತ್ತದೆ. ಕಳೆದ ಮಳೆಗಾಲದಲ್ಲಿ ಎರಡು ದಿನ ಹೀಗೆ ಕಳೆದೆವು. ಕಾರಿನಿಂದ ಕಿಟಕಿಯ ಮೂಲಕ ಒಂದು ವೈರ್ ಒಳಗೆ ತಂದು ಫ್ರಿಜ್‌ಗೆ ನೇರವಾಗಿ ಕೊಟ್ಟೆವು. ನೇರವಾಗಿ ಎಂಬ ಪದಕ್ಕೆ ಗೆರೆ ಎಳೆಯಿರಿ. ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿಸಿ ಮನೆಯ ಸಾಕೆಟ್‌ಗೆ ಚುಚ್ಚಿ ಇಡೀ ಮನೆಗೆ ಕೊಡುವ ಬುದ್ಧಿವಂತಿಕೆ ಕೆಲವರಿಗಿದೆ. ಆ ವಿದ್ಯುತ್ ಮೀಟರ್ ದಾಟಿ ಲೈನಿಗೆ ಹೋಗುತ್ತದೆ, ಟಿ.ಸಿ.ಯಲ್ಲಿ ಹಿಮ್ಮುಖವಾಗಿ ಹಾದು ಸಾವಿರಾರು ವೋಲ್ಟ್ ಆಗುತ್ತದೆ. ಅಲ್ಲಿ ಮಳೆಯಲ್ಲಿ ನೆನೆಯುತ್ತ, ಲೈನ್ ಸತ್ತಿದೆ ಎಂದು ನಂಬಿ ನಿಮ್ಮ ಮನೆಗೇ ಕರೆಂಟ್ ಕೊಡಲು ಕಂಬ ಹತ್ತಿದ ಹುಡುಗನಿರುತ್ತಾನೆ. ಇಡೀ ಮನೆಗೆ ಬೇಕೆಂದರೆ, ಲೈನಿನಿಂದ ಮನೆಯನ್ನು ಬೇರ್ಪಡಿಸಿ ಕಾರಿಗೆ ಸೇರಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಅದೂ ಬಲ್ಲವರಿಂದ.

ಬೆಂಗಳೂರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದೆರಡು ಮಾತು. ನಿಮ್ಮ ಮನೆಯಿಂದ 370 ಕಿ.ಮೀ. ಹಿಡಿಯಿರಿ. ದಾರಿಯಲ್ಲಿ ಒಂದು ಊಟದ ಹೊತ್ತು, ಅರಸೀಕೆರೆ–ತಿಪಟೂರು ನಡುವೆ ಎಲ್ಲಾದರೂ. 30 ಕಿಲೋವಾಟ್ ಚಾರ್ಜರ್‌ನಲ್ಲಿ ಶೇ 20ರಿಂದ 80ಕ್ಕೆ ಒಂದು ಗಂಟೆ ಬೇಕು, ಚಾರ್ಜರ್ ಮೇಲೆ 60 ಕಿಲೋವಾಟ್ ಎಂದು ಬರೆದಿದ್ದರೂ ಅರ್ಧ ಗಂಟೆಗೆ ಆಗುವುದು ಅಪರೂಪ. ಶೇ 80ರ ಮೇಲೆ ತೆವಳುತ್ತದೆ, ಕಾಯದೆ ಹೊರಡಿ. ನಮ್ಮ ಕಡೆಯ ಕಷ್ಟ ಬೇರೆಯದು: ಚಾರ್ಜರ್ ಇರುತ್ತದೆ, ಮೊಬೈಲ್ ಸಿಗ್ನಲ್ ಇರುವುದಿಲ್ಲ, ಆ್ಯಪ್ ತೆರೆಯದೆ ಯಂತ್ರ ಓಗೊಡುವುದಿಲ್ಲ. ಆ್ಯಪ್ ಬದಲು ಬಳಸುವ ಚಾರ್ಜಿಂಗ್ ಕಾರ್ಡ್ ಕೊಡುವ ಕಂಪನಿಯಿಂದ ಅದನ್ನು ತರಿಸಿಟ್ಟುಕೊಳ್ಳಿ, ಎರಡು ಬೇರೆ ಕಂಪನಿಗಳ ಸಿಮ್ ಇರಲಿ.

ದುಡುಕಿದಿರಾ ಎಂದು ಕೇಳಿದ್ದೀರಿ. ಕಾರಿನ ವಿಷಯದಲ್ಲಿ ಇಲ್ಲ. ವೈರಿಂಗ್ ನೋಡಿಸದೆ ಕಾರು ತಂದದ್ದರಲ್ಲಿ ಹೌದು, ಆ ಪಂಕ್ತಿಯಲ್ಲಿ ನಾನು ನಿಮಗಿಂತ ಮುಂದೆ ಕೂತಿದ್ದೇನೆ. ಈ ವಾರ ಗುಂಡಿ ಅಳೆಸಿ, ಬಂದ ಅಂಕಿಯನ್ನು ಮೀಟರ್ ಬೋರ್ಡ್‌ನ ಮುಚ್ಚಳದ ಒಳಗೆ ದಿನಾಂಕದೊಂದಿಗೆ ಬರೆದಿಡಿ. ಶಿವರಾತ್ರಿ ಕಳೆದ ಮೇಲೆ ಮತ್ತೊಮ್ಮೆ ಅಳೆಸಿ ಎರಡೂ ಅಂಕಿ ನನಗೆ ಬರೆದು ಕಳುಹಿಸಿ. ನಿಮ್ಮ ಮನೆಯ ಗ್ರೈಂಡರ್ ಮಳೆಗಾಲದಲ್ಲಿ ಜುಮ್ಮೆನ್ನುತ್ತದೆಯೇ ಎಂದು ಇವತ್ತೇ ಅಮ್ಮನನ್ನು ಕೇಳಿ.